ಅಪ್‌ಡೇಟ್: ಕಾಫಿ ಲೆಕ್ಕದ ಕಾಂಟ್ರಾಕ್ಟಿಗೆ ಪ್ರಾಕ್ಸಿ ಹಾಕಿದೆ

ಸಿದ್ದಾಪುರದ ಕಡೆಯ ನಮ್ಮ ಕೆಲವು ಬೆಳೆಗಾರರ ಕಾಫಿ ಮೂಟೆಗಳ ಲೆಕ್ಕವಿಡುವ ಸ್ಮಾರ್ಟ್ ಕಾಂಟ್ರಾಕ್ಟನ್ನು (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಎಥೀರಿಯಂ ಎಂಬ ಬ್ಲಾಕ್‌ಚೈನ್‌ಗೆ ಏರಿಸಿದ ಮೇಲೆ ತಿದ್ದುವುದು ಹೇಗೆ ಎಂದು ಕೇಳಿದ್ದೆ; ಒಮ್ಮೆ ಏರಿಸಿದ ಕೋಡನ್ನು ಬದಲಿಸಲಾಗದು. ಪ್ರಾಕ್ಸಿ (ಮುಂದೆ ನಿಲ್ಲುವ ಮಧ್ಯವರ್ತಿ ಕಾಂಟ್ರಾಕ್ಟ್) ಬಳಸಿ ಎಂದವರಿಗೆಲ್ಲ ಧನ್ಯವಾದ. ಈಗ ವಿಳಾಸವೂ ದತ್ತಾಂಶವೂ ಪ್ರಾಕ್ಸಿಯಲ್ಲೇ ಇವೆ. ಅದು ಡೆಲಿಗೇಟ್‌ಕಾಲ್ ಎಂಬ ಆಜ್ಞೆಯ ಮೂಲಕ ಬೇರೊಂದು ಕಾಂಟ್ರಾಕ್ಟಿನ ಕೋಡನ್ನು ತನ್ನದೇ ದತ್ತಾಂಶದ ಮೇಲೆ ಓಡಿಸುತ್ತದೆ. ತಿದ್ದಬೇಕಾದಾಗ ಹೊಸ ಕೋಡಿನ ವಿಳಾಸ ಕೊಟ್ಟರಾಯಿತು.

ಅಷ್ಟರಲ್ಲೇ ಎಡವಿದೆ. ಎರಡನೇ ಆವೃತ್ತಿಗೆ ತೇವಾಂಶದ ವೇರಿಯಬಲ್ ಬೇಕಿತ್ತು. ನೋಡಲು ಚೆನ್ನಾಗಿರಲಿ ಎಂದು ಒಟ್ಟು ತೂಕದ ಮೇಲಿನ ಸಾಲಿನಲ್ಲಿ ಬರೆದೆ. ದತ್ತಾಂಶವಿರುವ ಸ್ಟೋರೇಜಿಗೆ ನಾವು ವೇರಿಯಬಲ್‌ಗಳಿಗಿಟ್ಟ ಹೆಸರುಗಳು ಗೊತ್ತಿಲ್ಲ, ಬರೆದ ಕ್ರಮದಲ್ಲಿ ಸಿಗುವ ಜಾಗದ ಸಂಖ್ಯೆಯಷ್ಟೇ ಗೊತ್ತು. ತೂಕವಿದ್ದ ಜಾಗ ತೇವಾಂಶದ್ದಾಯಿತು: ಶೇಕಡಾ 4,350! ಮಾವ ಪರದೆ ನೋಡಿ, “ಮೂಟೆಗಳನ್ನು ಕಾವೇರಿಯಲ್ಲಿ ಮುಳುಗಿಸಿ ತಂದೆಯೇನೋ?” ಎಂದರು. ಪುಣ್ಯಕ್ಕೆ ಅದು ಪರೀಕ್ಷಾ ಜಾಲ. ಈಗ ಹೊಸ ವೇರಿಯಬಲ್‌ಗಳು ಕೊನೆಯಲ್ಲೇ ಸೇರುತ್ತವೆ.

ಕಾಂಟ್ರಾಕ್ಟ್ ಏರಿಸುವಾಗ ಆರಂಭದ ಮೌಲ್ಯಗಳನ್ನು ತುಂಬುವ ಕನ್‌ಸ್ಟ್ರಕ್ಟರ್ ಪ್ರಾಕ್ಸಿಯ ದತ್ತಾಂಶವನ್ನು ಮುಟ್ಟುವುದಿಲ್ಲ; ಅದರ ಬದಲು ಪ್ರಾಕ್ಸಿಯ ಮೂಲಕ ಒಮ್ಮೆ ಮಾತ್ರ ಓಡುವ ಇನಿಷಿಯಲೈಜರ್ ಹಾಕಿದ್ದೇನೆ.

“ತಿದ್ದಬಹುದಾದರೆ ನಿನ್ನನ್ನೇಕೆ ನಂಬಬೇಕು?” ಎಂಬುದು ಮಾವನ ಮುಂದಿನ ಪ್ರಶ್ನೆ. ನ್ಯಾಯವೇ. ಆದ್ದರಿಂದ ಬದಲಾವಣೆಗೆ ಮೂವರಲ್ಲಿ ಇಬ್ಬರ ಸಹಿ, ಜೊತೆಗೆ 48 ಗಂಟೆಗಳ ಕಾಯುವಿಕೆ. ಸಹಿ ಹಾಕುವ ಮೂರನೆಯ ಕೀಲಿ ಮಾವನದೇ. ಪಾಸ್‌ವರ್ಡನ್ನು ಕಣದ ಗೋಡೆಯ ಮೇಲೆ ಬರೆಯದಂತೆ ಒಪ್ಪಿಸುವುದು ಬಾಕಿ ಇದೆ.