‘ಇಂಧನ ಕೋಶ’ದಲ್ಲಿ ಇಂಧನ ಎಲ್ಲಿದೆ?

ಕೆಲವು ಕನ್ನಡ ಪದಗಳ ಬಗ್ಗೆ ಬಲ್ಲವರಲ್ಲಿ ಒಂದು ಕೇಳಿಕೆ. ಕಾರು ಕಂಪನಿಯ ಕೆಲಸ ಬಿಟ್ಟು ಐದು ವರ್ಷದಿಂದ ವಿಮಾನಕ್ಕೆ ಹೊಂದುವ ಫ್ಯುಯೆಲ್ ಸೆಲ್ (ಜಲಜನಕದಿಂದ ಕರೆಂಟು ಮಾಡುವ ಯಂತ್ರ) ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರಬಂಧ ಬರೆದು ಮುಗಿಸಲೆಂದು ದಾವಣಗೆರೆಗೆ ಬಂದು ಕೂತಿದ್ದೇ ತಡ, ನಾನು ಓದಿದ ಕನ್ನಡ ಶಾಲೆಯಿಂದ ಕರೆ ಬಂತು. ಮಕ್ಕಳಿಗೆ ಅರ್ಧ ಗಂಟೆ ಇದರ ಬಗ್ಗೆ ಹೇಳಬೇಕಂತೆ. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಯೋಚಿಸಿದ್ದಕ್ಕೆ ಈಗ ದಂಡ ಕಟ್ಟುತ್ತಿದ್ದೇನೆ.

ಫ್ಯುಯೆಲ್ ಸೆಲ್ಲಿಗೆ ಪುಸ್ತಕದ ಪದ ‘ಇಂಧನ ಕೋಶ’. ಅವ್ವನ ಮುಂದೆ ಒಮ್ಮೆ ಓದಿ ತೋರಿಸಿದೆ. “ಎಣ್ಣಿ ತುಂಬಿಡೋ ಡಬ್ಬಿನಾ?” ಅಂದಳು. ಅಲ್ಲ, ಇಂಧನ ಬೇರೆ ಟ್ಯಾಂಕಿನಲ್ಲಿರುತ್ತದೆ ಅಂದೆ. “ಅಲ್ಲವ್ವಾ, ಹಂಗಾರೆ ಇದಕ್ಯಾಕೆ ಆ ಹೆಸರು?” ಅಂತ ಅವ್ವ ಕೇಳಿದಳು.

ಅವಳ ತಪ್ಪೇನಿಲ್ಲ. ಕೋಶ ಅಂದರೆ ಬೊಕ್ಕಸ. ಶಬ್ದಕೋಶವೂ ಪದಗಳ ಬೊಕ್ಕಸವೇ. ಸಂಸ್ಕೃತದಲ್ಲಿ ಕತ್ತಿಯ ಒರೆ, ಹೂವಿನ ಮೊಗ್ಗು, ರೇಷ್ಮೆಹುಳುವಿನ ಗೂಡು ಎಲ್ಲವೂ ಕೋಶವೇ. ಎಲ್ಲ ಕಡೆಯೂ ಒಳಗೆ ಏನನ್ನೋ ಇಟ್ಟುಕೊಂಡಿರುವ ಭಾವ. ಚಿತ್ರದುರ್ಗದ ಕೋಟೆಯ ಎಣ್ಣೆಕೊಳಕ್ಕೆ ‘ಇಂಧನ ಕೋಶ’ ಅಂದರೆ ಒಪ್ಪುತ್ತದೆ. ನನ್ನ ಯಂತ್ರದೊಳಗೆ ಏನೂ ಕೂಡಿಟ್ಟಿರುವುದಿಲ್ಲ. ಒಂದು ಕಡೆಯಿಂದ ಜಲಜನಕ, ಇನ್ನೊಂದು ಕಡೆಯಿಂದ ಗಾಳಿ, ನಡುವೆ ತೆಳ್ಳನೆಯ ಪೊರೆ. ಜಲಜನಕ ಪ್ರೋಟಾನು, ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನು ಪೊರೆಯನ್ನು ದಾಟುತ್ತದೆ, ಎಲೆಕ್ಟ್ರಾನಿಗೆ ಅಲ್ಲಿ ದಾರಿಯಿಲ್ಲದೆ ತಂತಿ ಹಿಡಿದು ಸುತ್ತಿ ಬರುತ್ತದೆ. ಆ ಸುತ್ತೇ ಕರೆಂಟು. ಕೊನೆಗೆ ನೀರು, ಬಿಸಿ. (ಈ ಒಂದು ಕಡೆ ‘ಜಲಜನಕ’ ಎಷ್ಟು ಚೆನ್ನಾಗಿ ಕೂರುತ್ತದೆ! ಅಪೊಲೊ ನೌಕೆಗಳಲ್ಲಿ ಹೀಗೆ ಹುಟ್ಟಿದ ನೀರನ್ನೇ ಗಗನಯಾತ್ರಿಗಳು ಕುಡಿದರು.)

‘ಸೌರಕೋಶವೂ ಏನನ್ನೂ ಕೂಡಿಡುವುದಿಲ್ಲವಲ್ಲ’ ಎಂದು ಯಾರಾದರೂ ಹೇಳುತ್ತೀರಿ, ಗೊತ್ತು. ಆದರೆ ಸೌರಕೋಶದೊಳಗೆ ಸೂರ್ಯ ಇದ್ದಾನೆಂದು ಯಾರೂ ಮೋಸಹೋಗುವುದಿಲ್ಲ. ‘ಇಂಧನ’ ಪಕ್ಕದಲ್ಲಿ ಬಂದಾಗಲೇ ‘ಕೋಶ’ ದಾರಿ ತಪ್ಪಿಸುವುದು.

ಅವ್ವನ ತವರು ಚಳ್ಳಕೆರೆ, ಎಣ್ಣೆಮಿಲ್ಲುಗಳ ಊರು. ಎಲ್ಲ ಕೇಳಿಸಿಕೊಂಡು ಅವಳೇ ಅಂದಳು: “ಗಾಣ ಅನ್ನು. ಗಾಣದಾಗೆ ಶೇಂಗಾ ಬಚ್ಚಿಟ್ಟಿರ್ತಾರೇನು? ಹಾಕಿದಷ್ಟು ಹೊತ್ತು ಎಣ್ಣಿ.” ನನಗೆ ಹಿಡಿಸಿತು. ಕರೆಂಟು ಎಣ್ಣೆಯಾದರೆ ನೀರು ಹಿಂಡಿ. ತೊಡಕೊಂದೇ, ಗಾಣ ತಿರುಗುತ್ತದೆ. ಇದರಲ್ಲಿ ತಿರುಗುವ ಭಾಗವಿಲ್ಲ, ಅದೇ ಇದರ ಹೆಚ್ಚುಗಾರಿಕೆ. ಹಾಗಿದ್ದೂ ‘ಕರೆಂಟಿನ ಗಾಣ’ ಅನ್ನಬಹುದೇ?

ಇನ್ನೊಂದು, ‘ಸ್ಟ್ಯಾಕ್’. ಕೆಲಸ ಮಾಡುವಾಗ ಒಂದು ಸೆಲ್ಲಿನಿಂದ ಸಿಗುವುದು ಸುಮಾರು 0.7 ವೋಲ್ಟ್. ಅದಕ್ಕೇ ನೂರಾರನ್ನು ಒಂದರ ಮೇಲೊಂದು ಜೋಡಿಸುತ್ತೇವೆ. ಬಣವೆ ಎನ್ನೋಣವೆಂದರೆ ಅದರಲ್ಲಿ ಹುಲ್ಲು ಒತ್ತಾಗಿ ಬಿದ್ದಿರುತ್ತದೆ, ಸಾಲಿಲ್ಲ. ಅಜ್ಜಿಯ ಮನೆಯ ಅಡಕಲು ಗಡಿಗೆ, ಅಂದರೆ ಒಂದರ ಮೇಲೊಂದು ಪೇರಿಸಿಟ್ಟ ಗಡಿಗೆಗಳ ಸಾಲು, ಸರಿಯಾದೀತು. ನಡುವಿನದೊಂದು ಕೆಟ್ಟರೂ ಇಡೀ ಸಾಲಿಗೆ ಕುತ್ತು. ನಿಮ್ಮ ಕಡೆ ‘ಅಡಕಲು’ ಈಗಲೂ ಆಡುಮಾತಿನಲ್ಲಿದೆಯೇ? ಮಕ್ಕಳಿಗೆ ಗೊತ್ತಾದೀತೇ?

ಮೂರನೆಯದೇ ನನ್ನ ನಿಜವಾದ ತಲೆನೋವು. ಮೊದಲ ಒಂದೂವರೆ ವರ್ಷ ಹೋಗಿದ್ದೇ ಇದರಲ್ಲಿ. ಪೊರೆ ಒಣಗಿದರೆ ಪ್ರೋಟಾನು ಸಾಗದು. ನೀರು ಹೆಚ್ಚಾಗಿ ನಿಂತರೆ ಗಾಳಿಯ ಸಂದುಗಳು ಮುಚ್ಚಿಹೋಗಿ ವೋಲ್ಟೇಜು ಕುಸಿಯುತ್ತದೆ. ಇಂಗ್ಲಿಷಿನಲ್ಲಿ ಫ್ಲಡಿಂಗ್ ಅಂತಾರೆ. ‘ಪ್ರವಾಹ’ ಅಂದರೆ ನಗು ಬರುತ್ತದೆ, ಅಲ್ಲಿರುವುದು ಹನಿಗಳು. ಭದ್ರಾ ನಾಲೆಯ ಕೆಳಗಿನ ಗದ್ದೆಯವರು ನೀರು ಬಸಿಯದ ಹೊಲಕ್ಕೆ ‘ಜೌಗು ಹಿಡಿದೈತಿ’ ಅನ್ನುತ್ತಾರೆ. ಬೇರಿಗೆ ಗಾಳಿ ಸಿಗದೆ ಪೈರು ಹಳದಿಯಾಗುತ್ತದೆ. ನನ್ನ ಸೆಲ್ಲಿನಲ್ಲೂ ಆಗುವುದು ಅದೇ! ಜೌಗು ಮಣ್ಣಿಗೆ ಮಾತ್ರವೋ, ವಸ್ತುವಿಗೂ ಹೇಳಿದ ಬಳಕೆ ಇದೆಯೋ? ನೀರು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇರುವಂತೆ ನೋಡಿಕೊಳ್ಳುವುದಕ್ಕೆ ಪುಸ್ತಕದವರು ಹೇಳುವ ‘ಜಲ ನಿರ್ವಹಣೆ’ಯನ್ನಂತೂ ಹೊಡೆದುಹಾಕಿ ‘ಹದ’ ಎಂದು ಬರೆದುಕೊಂಡಿದ್ದೇನೆ.

ಬಿಸಿಯ ವಿಚಾರಕ್ಕೆ ಪದದ ತೊಂದರೆಯಿಲ್ಲ, ತೊಂದರೆಯೆಲ್ಲ ತೂಕದ್ದು. ಜೆಟ್ ಎಂಜಿನ್ನು ತನ್ನ ಬಿಸಿಯನ್ನು ಹಿಂದಕ್ಕೆ ಉಗುಳಿಬಿಡುತ್ತದೆ. ಇದರದು ಸುಮಾರು 80 ಡಿಗ್ರಿಯ ಬಿಸಿ, ಕಳೆಯಲು ರೇಡಿಯೇಟರನ್ನು ಹೊತ್ತೇ ಹಾರಬೇಕು. ಕೆ.ಜಿ. ಲೆಕ್ಕದಲ್ಲಿ ಜಲಜನಕಕ್ಕೆ ವಿಮಾನದ ಸೀಮೆಎಣ್ಣೆಯ ಮೂರರಷ್ಟು ಹತ್ತಿರ ಕಸುವಿದ್ದರೂ, ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ಇದನ್ನು ಮಕ್ಕಳಿಗೆ ಹೇಗೋ ಹೇಳಿಯೇನು.

ಶಾಲೆಗೆ ಹೋಗುವುದು ಬರುವ ಶನಿವಾರ. ಗಾಣ, ಅಡಕಲು, ಜೌಗು ಈ ಮೂರರಲ್ಲಿ ಯಾವುದು ಸಲ್ಲದೆಂದು ಅಷ್ಟರೊಳಗೆ ತಿಳಿಸಿದರೆ ಉಪಕಾರ.