ಮೈಕ್ರೋವೇವ್ ಕಿರಣದಿಂದ ಗುಂಪನ್ನು ಗಾಯಗೊಳಿಸದೆ ಚದುರಿಸಲು ಸಾಧ್ಯವೇ?

ಪ್ರಶ್ನೆ

ಮೈಕ್ರೋವೇವ್ ಓವನ್ನಿನಲ್ಲಿ ಒಂದು ಲೋಟ ನೀರು ಎರಡು ಮೂರು ನಿಮಿಷಗಳಲ್ಲಿ ಕುದಿಯುತ್ತದೆ. ಅದೇ ಜಾತಿಯ ತರಂಗಗಳನ್ನು ದೂರದಿಂದ ಜನರ ಮೇಲೆ ಹಾಯಿಸಿ, ಯಾರನ್ನೂ ಕೊಲ್ಲದೆ ಹಿಮ್ಮೆಟ್ಟಿಸುವ ಆಯುಧವೊಂದನ್ನು ಅಮೆರಿಕದ ಸೇನೆ ತಯಾರಿಸಿದೆ ಎಂದು ಓದಿದ್ದೇನೆ. ಮಾಂಸವನ್ನು ಬೇಯಿಸುವ ತರಂಗ ಮನುಷ್ಯನ ಮೈಮೇಲೆ ಬಿದ್ದಾಗ ಮಾತ್ರ ಹೇಗೆ ನಿರಪಾಯಕಾರಿಯಾಗುತ್ತದೆ ಎಂಬುದು ನನ್ನ ಮೊದಲ ಸಂದೇಹ. ಅದು ನಿಜಕ್ಕೂ ಕೆಲಸ ಮಾಡುವುದಾದರೆ ಇಷ್ಟು ವರ್ಷಗಳಾದರೂ ಎಲ್ಲಿಯೂ ಬಳಕೆಗೆ ಏಕೆ ಬಂದಿಲ್ಲ ಎಂಬುದು ಎರಡನೆಯದು. ಭೌತಶಾಸ್ತ್ರ ಬಲ್ಲವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ 1

ತಮ್ಮ ಮೊದಲ ಸಂದೇಹ ಸರಿಯಾದ ಜಾಗದಲ್ಲೇ ಇದೆ. ಓವನ್ನಿನ ತರಂಗಗಳಿಂದ ಇಂತಹ ಆಯುಧ ಮಾಡಲು ಬರುವುದಿಲ್ಲ. ಅವುಗಳ ಆವರ್ತನ 2.45 ಗಿಗಾಹರ್ಟ್ಸ್, ತರಂಗಾಂತರ ಸುಮಾರು 12 ಸೆಂಟಿಮೀಟರ್. ಅವು ಸ್ನಾಯುವಿನೊಳಗೆ ಸುಮಾರು 2 ಸೆಂಟಿಮೀಟರ್ ಆಳದವರೆಗೆ ಇಳಿದು ಶಾಖವನ್ನು ಬಿಡುತ್ತವೆ. ನೋವನ್ನು ಚುರುಕಾಗಿ ತಿಳಿಸುವ ನರತುದಿಗಳು ಹೆಚ್ಚಾಗಿರುವುದು ಚರ್ಮದ ಮೇಲ್ಭಾಗದಲ್ಲಿ. ಆದ್ದರಿಂದ ಚರ್ಮಕ್ಕೆ ಸರಿಯಾದ ಎಚ್ಚರಿಕೆ ಸಿಗುವ ಮೊದಲೇ ಒಳಗಿನ ಅಂಗಾಂಶ ಬಿಸಿಯಾಗಿರುತ್ತದೆ. ರಕ್ತದ ಹರಿವು ಕಡಿಮೆಯಿರುವ ಕಣ್ಣಿನ ಮಸೂರದಂತಹ ಭಾಗಗಳಿಗೆ ಆ ಶಾಖವನ್ನು ಸಾಗಹಾಕಲು ದಾರಿಯಿಲ್ಲ. ನೋವಿಗಿಂತ ಮೊದಲು ಹಾನಿ ಮಾಡುವುದನ್ನು ಎಚ್ಚರಿಕೆಯ ಆಯುಧವೆಂದು ಕರೆಯಲಾಗದು.

ಇನ್ನು ದೂರದ ಲೆಕ್ಕ. 1 ಕಿಲೋವಾಟ್ ಶಕ್ತಿಯನ್ನು 30 ಸೆಂಟಿಮೀಟರ್ ಅಗಲದ ಆಂಟೆನಾದಿಂದ ಹೊರಬಿಟ್ಟರೆ, ಕಿರಣವು 10 ಮೀಟರ್ ದೂರ ತಲುಪುವಷ್ಟರಲ್ಲಿ ಸುಮಾರು 4 ಮೀಟರ್ ಅಗಲಕ್ಕೆ ಹರಡಿಕೊಂಡಿರುತ್ತದೆ. ಆಗ ಒಂದು ಚದರ ಮೀಟರಿಗೆ ಸಿಗುವುದು 80 ವಾಟ್, ಅಂದರೆ ನಡುಹಗಲ ಬಿಸಿಲು ಕೊಡುವ ಸುಮಾರು 1000 ವಾಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಓವನ್ ಬಿಚ್ಚಿ ಪ್ರಯೋಗ ಮಾಡುವವರ ವಿಡಿಯೋಗಳನ್ನು ನಂಬಬೇಡಿ. ಅಲ್ಲಿ ನಿಜವಾದ ಅಪಾಯವಿರುವುದು ಎದುರಿಗೆ ನಿಂತವನಿಗಿಂತ, ಸಾವಿರಾರು ವೋಲ್ಟಿನ ಕೆಪಾಸಿಟರನ್ನು ಮುಟ್ಟಲು ಹೋದವನಿಗೆ.

ಅಮೆರಿಕದವರು ಆರಿಸಿಕೊಂಡದ್ದು 95 ಗಿಗಾಹರ್ಟ್ಸ್. ಆ ವ್ಯವಸ್ಥೆಯ ಹೆಸರು ಆಕ್ಟಿವ್ ಡಿನಾಯಲ್ ಸಿಸ್ಟಮ್. ಅದು 2001ರಲ್ಲಿ ಬಹಿರಂಗವಾಯಿತು. ತರಂಗಾಂತರ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಚರ್ಮದಲ್ಲಿರುವ ನೀರು ಈ ತರಂಗವನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆಯೆಂದರೆ, ಅದು 0.4 ಮಿಲಿಮೀಟರಿನ ಆಸುಪಾಸಿನಲ್ಲೇ ಬಹುಪಾಲು ಮುಗಿದುಹೋಗುತ್ತದೆ, ಅಂದರೆ ಒಂದರ ಮೇಲೊಂದು ಇಟ್ಟ ಮೂರ್ನಾಲ್ಕು ಕಾಗದದ ಹಾಳೆಗಳಷ್ಟು ದಪ್ಪದೊಳಗೆ. ನೋವಿನ ನರತುದಿಗಳು ಇರುವುದೂ ಅಲ್ಲೇ. ಚರ್ಮದ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದ ಕೂಡಲೇ, ಕಾದ ಬಾಣಲೆಗೆ ಕೈ ತಾಗಿದವರಂತೆ ಮನುಷ್ಯ ಯೋಚಿಸುವ ಮೊದಲೇ ಪಕ್ಕಕ್ಕೆ ಸರಿಯುತ್ತಾನೆ. ಕಿರಣದಿಂದ ಹೊರಬಂದರೆ ಉರಿ ಬೇಗನೆ ಇಳಿಯುತ್ತದೆ. ತರಂಗಾಂತರ ಚಿಕ್ಕದಾದ್ದರಿಂದ ಸುಮಾರು 2 ಮೀಟರ್ ಅಗಲದ ಆಂಟೆನಾದಿಂದಲೇ ನೂರಾರು ಮೀಟರ್ ದೂರಕ್ಕೆ ಹೆಚ್ಚು ಚದುರದ ಕಿರಣವನ್ನು ಕಳುಹಿಸಬಹುದು. ಒಟ್ಟಿನಲ್ಲಿ ಭೌತಶಾಸ್ತ್ರದ ಮಟ್ಟಿಗೆ ಇದು ಸಾಧ್ಯ.

ಉತ್ತರ 2

ಮೇಲಿನವರು ಬರೆದ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ, ಆದರೆ 'ಸಾಧ್ಯ' ಎಂಬ ಮಾತಿಗೆ ಅವರು ತುಸು ಬೇಗ ಬಂದುಬಿಟ್ಟರು. ನೋವು ಶುರುವಾಗುವ 45 ಡಿಗ್ರಿಗೂ, ಕೆಲವೇ ಸೆಕೆಂಡುಗಳಲ್ಲಿ ಬೊಕ್ಕೆ ಏಳಿಸುವ 60 ಡಿಗ್ರಿಗೂ ನಡುವೆ ಇರುವುದು ಹದಿನೈದು ಡಿಗ್ರಿ ಮಾತ್ರ. ಇಡೀ ಆಯುಧ ನಿಂತಿರುವುದು ಆ ಸಣ್ಣ ಸಂದಿನಲ್ಲಿ. ಕಿರಣ ಬಿದ್ದವನು ಓಡಿಹೋಗುತ್ತಾನೆ ಎಂಬ ಎಣಿಕೆಯ ಮೇಲೆ ಅದರ ಸುರಕ್ಷತೆ ಅವಲಂಬಿಸಿದೆ. ಜನಸಂದಣಿಯಲ್ಲಿ ಮುಂದಿನ ಸಾಲಿನವನಿಗೆ ಹಿಂದೆ ಸರಿಯಲು ಜಾಗವಿಲ್ಲದಿದ್ದರೆ, ಬಿದ್ದು ಕಾಲು ಮುರಿದುಕೊಂಡಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಚಿಕ್ಕ ಮಗುವಾಗಿದ್ದರೆ ಆ ಎಣಿಕೆ ಕೂಡಲೇ ತಪ್ಪುತ್ತದೆ. ಅಂಥವರ ಚರ್ಮ 60 ಡಿಗ್ರಿ ಮುಟ್ಟದಂತೆ ತಡೆಯುವುದು ಕಿರಣ ಎಷ್ಟು ಹೊತ್ತು ಇರಬೇಕೆಂದು ನಿಗದಿಪಡಿಸಿದ ಮಿತಿ ಮತ್ತು ಗುಂಡಿ ಒತ್ತುವವನ ವಿವೇಕ, ಇವೆರಡೇ.

ಸ್ವಯಂಸೇವಕರ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಈ ಕಿರಣವನ್ನು ಹಾಯಿಸಿ ನೋಡಿದ್ದಾರೆ; ಗಂಭೀರ ಗಾಯಗಳು ಬೆರಳೆಣಿಕೆಯಷ್ಟು. ಅಂಕಿ ಸಮಾಧಾನಕರವಾಗಿ ಕಾಣುತ್ತದೆ. ಆದರೆ ಆ ಸ್ವಯಂಸೇವಕರು ಆರೋಗ್ಯವಂತರು, ತಯಾರಾಗಿ ನಿಂತವರು, ಬೇಡವೆನಿಸಿದಾಗ ಪಕ್ಕಕ್ಕೆ ಸರಿಯಲು ಮುಂದೆ ಬಯಲು ಇದ್ದವರು. ಆರಂಭದ ಕೆಲವು ಪ್ರಯೋಗಗಳಲ್ಲಿ ಅವರಿಗೆ ಕನ್ನಡಕ ತೆಗೆದಿಡಲು, ಜೇಬಿನಲ್ಲಿದ್ದ ನಾಣ್ಯ ಮತ್ತು ಬೀಗದಕೈಗಳನ್ನು ಹೊರತೆಗೆಯಲು ಹೇಳಲಾಗಿತ್ತು. ಗಲಭೆಯ ನಡುವೆ ಹಾಗೆ ಯಾರಿಗೆ ಹೇಳಲಾಗುತ್ತದೆ? ಅಷ್ಟು ಜಾಗ್ರತೆಯ ನಡುವೆಯೂ 2007ರಲ್ಲಿ ಒಬ್ಬ ವಾಯುಸೈನಿಕನ ಕಾಲುಗಳಿಗೆ ಎರಡನೇ ದರ್ಜೆಯ ಸುಟ್ಟಗಾಯಗಳಾಗಿ ಆಸ್ಪತ್ರೆ ಸೇರಬೇಕಾಯಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕಣ್ಣಿನ ಗತಿ ಏನು? ಮೈಕ್ರೋವೇವ್ ತರಂಗಗಳು ತಲೆಯೊಳಗೆ ಸದ್ದು ಕೇಳಿಸುತ್ತವೆ ಎಂಬ ಮಾತು ಇದಕ್ಕೆ ಸಂಬಂಧಪಟ್ಟದ್ದೇ?

ಉತ್ತರ 3

95 ಗಿಗಾಹರ್ಟ್ಸ್ ತರಂಗ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲೇ ನಿಂತುಬಿಡುವುದರಿಂದ ಮಸೂರದವರೆಗೆ ಹೋಗುವುದಿಲ್ಲ, ಮತ್ತು ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುವುದು ಒಂದು ರಕ್ಷಣೆ. ಆದರೆ ರೆಪ್ಪೆಯೂ ಚರ್ಮವೇ, ಅದೂ ತೆಳ್ಳಗಿನದು.

ಸದ್ದಿನ ವಿಷಯ ಬೇರೆ. 1960ರ ದಶಕದ ಆರಂಭದಲ್ಲಿ ಅಲನ್ ಫ್ರೇ ದಾಖಲಿಸಿದ ಪರಿಣಾಮವದು: ಮೈಕ್ರೋವೇವಿನ ಚಿಕ್ಕ ಸ್ಪಂದನಗಳು ತಲೆಯ ಅಂಗಾಂಶವನ್ನು ಅತ್ಯಲ್ಪವಾಗಿ ಬಿಸಿಮಾಡಿ ಹಿಗ್ಗಿಸಿದಾಗ ಹುಟ್ಟುವ ಒತ್ತಡದ ಅಲೆಯನ್ನು ಒಳಗಿವಿ ಸದ್ದೆಂದು ಗ್ರಹಿಸುತ್ತದೆ. ಕೇಳಿಸುವುದು ಟಿಕ್ಕೆನ್ನುವ ಅಥವಾ ಗುಂಯ್ಗುಡುವ ಮೆಲುದನಿ. ಗುಂಪನ್ನು ಓಡಿಸುವಷ್ಟು ಜೋರಾಗಿಸಲು ಹೊರಟರೆ ಬೇಕಾಗುವ ಶಕ್ತಿಯೇ ತಲೆಗೆ ಹಾನಿ ಮಾಡಬಹುದು.

ತಮ್ಮ ಎರಡನೇ ಸಂದೇಹಕ್ಕೆ ಉತ್ತರವನ್ನೂ ಸೇರಿಸುತ್ತೇನೆ. ಈ ವ್ಯವಸ್ಥೆಯನ್ನು 2010ರಲ್ಲಿ ಅಫ್ಘಾನಿಸ್ತಾನಕ್ಕೆ ಕಳುಹಿಸಿ, ಒಮ್ಮೆಯೂ ಬಳಸದೆ ವಾಪಸ್ಸು ಕರೆಸಿಕೊಂಡರು. ಕಿರಣವನ್ನು ಹುಟ್ಟಿಸುವ ಗೈರೋಟ್ರಾನ್ ಎಂಬ ಉಪಕರಣದ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತವನ್ನು ಅತಿಶೀತಕ್ಕೆ ತಣ್ಣಗಾಗಿಸಲು ಗಂಟೆಗಟ್ಟಲೆ ಬೇಕು, ಹೊರಲು ದೊಡ್ಡ ವಾಹನ ಬೇಕು, ಮತ್ತು ಮಳೆ ಬಂದರೆ ಹನಿಗಳು ಕಿರಣದ ಶಕ್ತಿಯನ್ನು ನುಂಗುತ್ತವೆ. ಎದುರಿನವರು ಒಂದು ತಗಡಿನ ಹಾಳೆ ಹಿಡಿದು ನಿಂತರೂ ಸಾಕು. ಅದೇ ವರ್ಷ ಇದರ ಚಿಕ್ಕ ರೂಪವನ್ನು ಲಾಸ್ ಏಂಜಲೀಸ್ ಕೌಂಟಿಯ ಒಂದು ಸೆರೆಮನೆಯಲ್ಲಿ ಅಳವಡಿಸಿದಾಗ, ಅದು ಚಿತ್ರಹಿಂಸೆಗೆ ಸಮವೆಂಬ ಆಕ್ಷೇಪ ಎದ್ದಿತು. ಆ ಆಕ್ಷೇಪವನ್ನು ನಾನು ಉತ್ಪ್ರೇಕ್ಷೆಯೆನ್ನಲಾರೆ, ಏಕೆಂದರೆ ಬಯಲಿನಲ್ಲಿ ಓಡಬಲ್ಲವನಿಗಾಗಿ ಲೆಕ್ಕ ಹಾಕಿದ ಕಿರಣವನ್ನು ನಾಲ್ಕು ಗೋಡೆಗಳ ನಡುವೆ ತಂದಿಟ್ಟಿದ್ದರು, ಮತ್ತು ಮೈಮೇಲೆ ಕಲೆ ಉಳಿಸದ ನೋವಿಗೆ ಆಮೇಲೆ ಸಾಕ್ಷಿಯೂ ಸಿಗುವುದಿಲ್ಲ.