ಬೆಳಿಗ್ಗೆ ಆನ್ ಮಾಡಿದ್ರೆ ವಿಂಡೋಸ್ ಬರಲ್ಲ, ಸೀದಾ ಬಯೋಸ್‌ಗೆ ಹೋಗ್ತತಿ!! ಅರ್ಜೆಂಟ್

ಅಂಗಡಿ_ಡಿಟಿಪಿ (ದಾವಣಗೆರೆ):
ಮೂರು ದಿನದಿಂದ ಇದೇ ಗೋಳು. ಫ್ಯಾನ್ ತಿರುಗ್ತತಿ, ಕೀಬೋರ್ಡ್ ಲೈಟ್ ಬರ್ತತಿ, ಆಮೇಲೆ ವಿಂಡೋಸ್ ಬರೋ ಬದ್ಲು ಬಯೋಸ್ ಸ್ಕ್ರೀನ್ (ಬೋರ್ಡಿನ ಸೆಟ್ಟಿಂಗ್ ಪುಟ) ಬಂದು ಕುಂದ್ರತತಿ. ಎಕ್ಸಿಟ್ ಕೊಟ್ರೂ ತಿರುಗಿ ಅಲ್ಲಿಗೇ. ಲಗ್ನಪತ್ರಿಕೆ ಸೀಸನ್ನು, ಮಂಡಿಪೇಟೆ ಪಾರ್ಟಿ ಪ್ರೂಫ್ ಎಲ್ಲಿ ಅಂತ ಎದುರಿಗೇ ಕುಂತಾರ. ಬೇಗ ಹೇಳ್ರಪ್ಪ ಯಾರಾದ್ರೂ.

ದುರ್ಗದ_ಹುಡ್ಗ:
ಡಿಸ್ಕಿಂದ ಬೋರ್ಡಿಗೆ ಹೋಗೋ ಸಾಟಾ ಕೇಬಲ್. ಕಣ್ಣು ಮುಚ್ಕಂಡು ಬದಲಾಯಿಸಿ.

ಅಂಗಡಿ_ಡಿಟಿಪಿ:
ಬದಲಾಯಿಸ್ದೆ ಅಣ್ಣ. ಮಧ್ಯಾಹ್ನ ಮೂರು ಸಲ ರೀಸ್ಟಾರ್ಟ್ ಮಾಡ್ದೆ, ಚೆನ್ನಾಗೇ ಬಂತು. ಇವತ್ತು ಬೆಳಿಗ್ಗೆ ಮತ್ತೆ ಅದೇ ಹಾಡು.

ದುರ್ಗದ_ಹುಡ್ಗ:
ಲೋಕಲ್ ಕೇಬಲ್ ತಂದಿರ್ತೀರ. ಒಳ್ಳೇದು ಹಾಕಿ, ಪೋರ್ಟೂ ಬೇರೆ ಮಾಡಿ ನೋಡಿ.

ಪೆಂಗ್ವಿನ್_ಪ್ರೇಮಿ:
ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್‌ಗೇ ನಿಂತೋಯ್ತು, ಇನ್ನೂ ಅದನ್ನೇ ಕಟ್ಕಂಡು ಒದ್ದಾಡ್ತೀರಲ್ಲ, ಉಬುಂಟು ಹಾಕ್ರಿ.

ಅಂಗಡಿ_ಡಿಟಿಪಿ:
ಅದ್ರಾಗ ಪೇಜ್‌ಮೇಕರ್ ಓಡ್ತತೇನ್ರಿ? 15 ವರ್ಷದ ಫೈಲು ಅದಾವ ನನ್ನತ್ರ. ಕೇಳಿದ್ದಕ್ಕೆ ಉತ್ರ ಕೊಡ್ರಿ ಮೊದ್ಲು.

ಮಿರ್ಚಿ_ಮಂಡಕ್ಕಿ:
ಎಸ್‌ಎಸ್‌ಡಿ ಹಾಕ್ಸಿ ಗುರುವೇ. ನಂದು ಎನ್‌ವಿಎಂಇ, ಬಟನ್ ಒತ್ತಿ 9 ಸೆಕೆಂಡ್‌ಗೆ ಡೆಸ್ಕ್‌ಟಾಪ್. 32 ಜಿಬಿ ರ್‍ಯಾಮ್ ಬೇರೆ.

ಹಳೇ_ಬೋರ್ಡು:
ಎಲ್ರೂ ಸ್ವಲ್ಪ ಸುಮ್ನಿರ್ರಿ. ಮಧ್ಯಾಹ್ನ ಸರಿ ಇದ್ದದ್ದು ಬೆಳಿಗ್ಗೆ ಯಾಕೆ ಕೆಡ್ತತಿ? ರಾತ್ರಿ ಏನ್ ಮಾಡ್ತೀರಿ? ಬೆಳಿಗ್ಗೆ ಹೆಂಗೆ ಶುರುವಾಗ್ತತಿ ಕೊನೆಗೆ? ಬಯೋಸ್‌ನಾಗ ಡೇಟ್ ಏನೈತಿ?

ಅಂಗಡಿ_ಡಿಟಿಪಿ:
ರಾತ್ರಿ ಏನ್ ಮಾಡ್ತಾರೆ, ಶಟರ್ ಎಳೆಯೋ ಮುಂಚೆ ಮೇನ್ ಆಫ್ ಮಾಡ್ತೀನಿ, ಎಲ್ಲಾ ಅಂಗಡೇರೂ ಮಾಡೋದೇ. ಬೆಳಿಗ್ಗೆ ಪಕ್ಕದ ಮೊಬೈಲ್ ಅಂಗಡಿ ಹುಡುಗ ಬಂದು ಒಳಗೆ ಸಿಎಸ್‌ಎಂ ಅಂತ ಏನೋ ಐತಲ್ಲ ಅದನ್ನ ಎನೇಬಲ್ ಮಾಡಿ ಹೋಗ್ತಾನೆ, ಆಮೇಲೆ ಇಡೀ ದಿನ ಓಡ್ತತಿ. ಡೇಟು 2020 ಜನವರಿ 1 ತೋರಿಸ್ತತಿ. ಬ್ರೌಸರ್ ಬೇರೆ ಗಡಿಯಾರ ಹಿಂದೈತಿ ಅಂತ ಕಿರಿಕ್ ಮಾಡ್ತತಿ, ಅದು ನೆಟ್ ಪ್ರಾಬ್ಲಮ್ ಬಿಡ್ರಿ.

ಹಳೇ_ಬೋರ್ಡು:
ಇದನ್ನ ಮೊದಲ್ನೇ ಸಾಲಿನಾಗೇ ಬರೀಬೇಕಿತ್ತು ಮಾರಾಯ್ರೆ! ಡೇಟು, ಸೆಟ್ಟಿಂಗು ನೆನಪಿಟ್ಕೊಳ್ಳೋಕೆ ಬೋರ್ಡಿನಾಗಿರೋ ಸಿಮಾಸ್ ಬ್ಯಾಟರಿ ಸತ್ತೈತಿ. ಮೇನ್ ಆನ್ ಇದ್ರೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಿರ್ತತಿ, ಅದಕ್ಕೇ ರೀಸ್ಟಾರ್ಟ್ ಮಾಡಿದ್ರೆ ಏನೂ ಆಗಲ್ಲ. ಮೇನ್ ತೆಗೆದ್ರೆ ಆ ಬಿಲ್ಲೆ ಬ್ಯಾಟರಿನೇ ಗತಿ, ಅದೂ ಇಲ್ಲ ಅಂದ್ರೆ ಸೆಟ್ಟಿಂಗ್ ಎಲ್ಲಾ ಡೀಫಾಲ್ಟು, ಹಳೇ ಪದ್ಧತೀಲಿ ಬೂಟ್ ಮಾಡೋಕೆ ಬಿಡೋ ಸಿಎಸ್‌ಎಂ ಆಫ್. ಡಿಸ್ಕು ಹಳೇ ಮಶಿನ್‌ದಾ?

ಅಂಗಡಿ_ಡಿಟಿಪಿ:
ಹೌದು, ಹಳೇದ್ರಿಂದ ಹಂಗೇ ಎತ್ತಿ ಹಾಕ್ಸಿದ್ದೆ. ಹೇಳ್ಳಿಲ್ವಾ?

ಹಳೇ_ಬೋರ್ಡು:
ಇಲ್ಲ!! ಹಂಗಾದ್ರೆ ಅದು ಎಂಬಿಆರ್, ಅಂದ್ರೆ ಹಳೇ ನಮೂನೆ ಡಿಸ್ಕು. ಹಳೇ ಪದ್ಧತೀಲಿ ಬಯೋಸು ಡಿಸ್ಕಿನ ಮೊದಲ್ನೇ 512 ಬೈಟ್ ಓದಿ, ಕೊನೇಲಿ 55ಎಎ ಗುರುತು ಐತಾ ನೋಡಿ, ಮುಂದಿಂದು ನೀನೇ ನೋಡ್ಕೋ ಅಂತ ಅದ್ರ ಕೈಗೆ ಕೊಡ್ತತಿ. ಯುಇಎಫ್‌ಐ (ಹೊಸ ಪದ್ಧತಿ) ಆ ಸೆಕ್ಟರ್‌ನಾಗಿನ ಬೂಟ್ ಕೋಡ್ ಓಡ್ಸೋದೇ ಇಲ್ಲ, ಫ್ಯಾಟ್32 ಪಾರ್ಟಿಷನ್ನಾಗ ಇಎಫ್‌ಐ ಫೈಲ್ ಹುಡುಕ್ತತಿ. ನಿಮ್ಮ ಡಿಸ್ಕಿನಾಗ ಅದಿಲ್ಲ, ಅದಕ್ಕೇ ಡಿಸ್ಕ್ ಲಿಸ್ಟ್‌ನಾಗಿದ್ರೂ ಬೂಟ್ ಲಿಸ್ಟ್‌ನಾಗ ಇರಲ್ಲ.

ದುರ್ಗದ_ಹುಡ್ಗ:
ಹೊಸ ಬೋರ್ಡಲ್ಲಿ ಸೆಟ್ಟಿಂಗ್ ಕರೆಂಟ್ ಇಲ್ದಿದ್ರೂ ಅಳಿಸದ ಫ್ಲ್ಯಾಶ್ ಚಿಪ್ಪಲ್ಲೇ ಇರ್ತವೆ, ಬ್ಯಾಟರಿಗೂ ಅದಕ್ಕೂ ಏನ್ ಸಂಬಂಧ? ಕೇಬಲ್ಲೇ.

ಹಳೇ_ಬೋರ್ಡು:
ಬ್ಯಾಟರಿ ಹೋದ್ರೆ ಡೀಫಾಲ್ಟ್ ಲೋಡ್ ಮಾಡೋ ಬೋರ್ಡು ಬೇಕಾದಷ್ಟದಾವ. ಕೇಬಲ್ ಕೆಟ್ರೆ ಡೇಟ್ 2020ಕ್ಕೆ ಹೋಗ್ತತೇನಪ್ಪ?

ಮಿರ್ಚಿ_ಮಂಡಕ್ಕಿ:
ಮೇನ್ ಆಫ್ ಮಾಡೋದೇ ತಪ್ಪು. ನಾನು ಆಫ್ ಮಾಡೋದೇ ಇಲ್ಲ, 1 ಕೆವಿಎ ಯುಪಿಎಸ್ ಐತಿ.

ಅಂಗಡಿ_ಡಿಟಿಪಿ:
ಶಾರ್ಟ್ ಸರ್ಕ್ಯೂಟ್ ಆದ್ರೆ ರಾತ್ರಿ ನೀವು ಬರ್ತೀರಾ ಪೇಪರ್ ಸ್ಟಾಕ್ ಆರಿಸೋಕೆ? @ಹಳೇ_ಬೋರ್ಡು ಅಣ್ಣ, ಯಾವ್ ಬ್ಯಾಟರಿ ತರ್ಲಿ?

ಹಳೇ_ಬೋರ್ಡು:
ಸಿಆರ್2032. 20 ಮಿ.ಮೀ. ಅಗಲ, 3.2 ದಪ್ಪ, ನಂಬರ್ರೇ ಅದು. 3 ವೋಲ್ಟು. ವಾಚ್ ಅಂಗಡೀಲೂ ಸಿಗ್ತತಿ. ಪ್ಲಗ್ ಕಿತ್ತು, ಕ್ಲಿಪ್ಪನ್ನ ಉಗುರಿಂದ ಮೆಲ್ಲಗೆ ಸರಿಸಿ, ಪ್ಲಸ್ ಮೇಲೆ ಬರಂಗೆ ಕೂರ್ಸಿ. ಆಮೇಲೆ ಡೇಟ್ ಸರಿ ಮಾಡಿ, ಕೊನೇ ಸಲ ಸಿಎಸ್‌ಎಂ ಎನೇಬಲ್ ಮಾಡಿ ಸೇವ್ ಕೊಡಿ.

ಪೆಂಗ್ವಿನ್_ಪ್ರೇಮಿ:
ಎಂಬಿಆರ್‌ಟುಜಿಪಿಟಿ (ಡಿಸ್ಕನ್ನ ಹೊಸ ನಮೂನೆಗೆ ತಿರುಗಿಸೋ ಟೂಲು) ಓಡ್ಸಿ ಪೂರ್ತಿ ಯುಇಎಫ್‌ಐಗೇ ಬಂದ್ಬಿಡಿ, ವಿಂಡೋಸ್ 10ರಾಗ 2017ರಿಂದಲೇ ಐತಲ್ಲ.

ಹಳೇ_ಬೋರ್ಡು:
ಬ್ಯಾಕಪ್ ಇಲ್ದೆ ಸೀಸನ್ ನಡುವೆ ಅದನ್ನ ಮುಟ್ಬೇಡ್ರಿ ದಯವಿಟ್ಟು.

ಅಂಗಡಿ_ಡಿಟಿಪಿ:
ಹಾಕ್ದೆ. ಹಳೇದನ್ನ ಮೀಟರ್‌ಗೆ ಹಿಡಿದ್ರೆ 1.9 ಬಂತು. ರಾತ್ರಿ ಮೇನ್ ಆಫ್ ಮಾಡಿದ್ದೆ, ಬೆಳಿಗ್ಗೆ ಸೀದಾ ವಿಂಡೋಸ್! ಬ್ರೌಸರ್ ಕಿರಿಕ್ಕೂ ಹೋತು. ಎರಡು ಸಾಟಾ ಕೇಬಲ್ ಹಂಗೇ ಬಿದ್ದಾವ, ಯಾರಿಗಾದ್ರೂ ಬೇಕಾ?

ದುರ್ಗದ_ಹುಡ್ಗ:
ಕೇಬಲ್ ಬದಲಾಯಿಸಿದ್ದಕ್ಕೂ ಸರಿಯಾಗಿರಬಹುದು.